ಕಾಯ, ವಾಕ್ಕು, ಚಿತ್ತ: ಒಂದೇ ಲೇಖನಿಯ ಮೂರು ಶುದ್ಧಿಗಳು

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಭತ್ತದ ಬಯಲಿಗೆ ಗಂಗರ ರಾಜಧಾನಿಯಾಗಿದ್ದ ತಲಕಾಡು ಬಹಳ ದೂರದ್ದಲ್ಲ. ನೆರೆಯ ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯ ಮೂರ್ತಿ ಇಂದಿಗೂ ನಿಂತಿದೆ. ಜಿನಧರ್ಮವು ಆಳವಾಗಿ ಬೇರೂರಿದ್ದ ಈ ಗಂಗನಾಡಿನೊಡನೆ ಪರಂಪರೆಯು ಜೋಡಿಸಿ ಸ್ಮರಿಸುವ ಮಹನೀಯರಲ್ಲಿ ಆಚಾರ್ಯ ಪೂಜ್ಯಪಾದರು ಅಗ್ರಗಣ್ಯರು. ಸುಮಾರು 5–6ನೆಯ ಶತಮಾನದ ಈ ಮುನಿವರ್ಯರು ಗಂಗ ದೊರೆ ದುರ್ವಿನೀತನ ಗುರುಗಳಾಗಿದ್ದರೆಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ.

ಅವರ ಮೊದಲ ಹೆಸರು ದೇವನಂದಿ. ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿ ಎನಿಸಿದರು. ದೇವತೆಗಳೂ ಪಾದಗಳನ್ನು ಪೂಜಿಸಿದ್ದರಿಂದ ಪೂಜ್ಯಪಾದರೆನಿಸಿದರು ಎಂದು ಶ್ರವಣಬೆಳಗೊಳದ ಶಾಸನವೊಂದು ಕೊಂಡಾಡುತ್ತದೆ. ಈ ಒಂದು ಹೆಸರಿನಡಿ ಬಂದಿರುವ ಗ್ರಂಥಗಳ ವೈವಿಧ್ಯ ಬೆರಗು ಹುಟ್ಟಿಸುವಂಥದು. ವ್ಯಾಕರಣ, ತತ್ತ್ವಶಾಸ್ತ್ರ, ಅಧ್ಯಾತ್ಮ, ಭಕ್ತಿ, ವೈದ್ಯ. ಸರ್ವಸಂಗ ಪರಿತ್ಯಾಗಿಯಾದ ದಿಗಂಬರ ಮುನಿಗೆ ಶಬ್ದಸಿದ್ಧಿಯ ಗೊಡವೆಯೇಕೆ? ಔಷಧದ ಚಿಂತೆಯೇಕೆ?

ಉತ್ತರವು ‘ಜ್ಞಾನಾರ್ಣವ’ದ ಕರ್ತೃ ಶುಭಚಂದ್ರಾಚಾರ್ಯರ ವಂದನೆಯಲ್ಲಿದೆ. ಜೀವಿಗಳ ದೇಹ, ಮಾತು, ಮನಸ್ಸುಗಳಲ್ಲಿ ಹುಟ್ಟುವ ಕಳಂಕವನ್ನು ಯಾರ ವಚನಗಳು ತೊಳೆಯುವುವೋ ಆ ದೇವನಂದಿಗೆ ಅವರು ನಮಿಸುತ್ತಾರೆ. ಮಾತಿನ ಮಲಕ್ಕೆ ವ್ಯಾಕರಣ, ದೇಹದ ಮಲಕ್ಕೆ ವೈದ್ಯ, ಮನಸ್ಸಿನ ಮಲಕ್ಕೆ ಅಧ್ಯಾತ್ಮ. ವಿಷಯಗಳು ಹಲವಾದರೂ ಕಾರ್ಯ ಒಂದೇ.

‘ಜೈನೇಂದ್ರ ವ್ಯಾಕರಣ’ವು ಐದು ಅಧ್ಯಾಯಗಳ ಅತಿ ಸಂಕ್ಷಿಪ್ತ ಕೃತಿ. ಶಬ್ದದ ಸಿದ್ಧಿಯು ಅನೇಕಾಂತದಿಂದ ಎಂಬ ಭಾವದ ಸೂತ್ರದಿಂದಲೇ ಅದು ಆರಂಭವಾಗುತ್ತದೆ. ಒಂದೇ ಶಬ್ದಕ್ಕೆ ಹಲವು ರೂಪ, ಹಲವು ಸಂಬಂಧಗಳು ಸಲ್ಲುವಂತೆ ಒಂದೇ ವಸ್ತುವಿಗೆ ಹಲವು ಮುಖಗಳು ಸಲ್ಲುತ್ತವೆ. ಇದನ್ನರಿತವನು ತನ್ನ ಮಾತೇ ಕೊನೆಯದೆಂದು ಹಟ ಹಿಡಿಯಲಾರ. ಅದೇ ಗ್ರಂಥದಲ್ಲಿ ಸಮಂತಭದ್ರ, ಸಿದ್ಧಸೇನ ಮೊದಲಾದ ಆರು ಮಂದಿ ಪೂರ್ವಾಚಾರ್ಯರ ಹೆಸರುಗಳನ್ನು ಅವರು ಆದರದಿಂದ ಉಲ್ಲೇಖಿಸುತ್ತಾರೆ. ತಮಗಿಂತ ಹಿಂದಿನವರ ಋಣವನ್ನು ನೆನೆಯುವುದೂ ಮಾತಿನ ಶುದ್ಧಿಯೇ.

ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ಯು ಇಂದು ಉಳಿದಿರುವ ದಿಗಂಬರ ಟೀಕೆಗಳಲ್ಲಿ ಅತ್ಯಂತ ಪ್ರಾಚೀನವಾದುದು. ಅದರ ಪೀಠಿಕೆಯಲ್ಲಿ ರೋಗಿಯ ದೃಷ್ಟಾಂತವಿದೆ. ಔಷಧದ ಬಗೆಗಿನ ಬರಿಯ ತಿಳಿವಳಿಕೆಯಿಂದ ರೋಗ ಹೋಗದು. ಹಾಗೆಯೇ ದರ್ಶನ, ಜ್ಞಾನ, ಚಾರಿತ್ರಗಳು ಬಿಡಿಬಿಡಿಯಾಗಿ ಮೋಕ್ಷಕ್ಕೆ ಸಾಧನವಾಗವು. ಮದ್ದಿನಲ್ಲಿ ನಂಬಿಕೆ, ಅದರ ಅರಿವು, ಅದರ ಸೇವನೆ ಮೂರೂ ಕೂಡಬೇಕು. ವೈದ್ಯವನ್ನು ಬಲ್ಲವರ ಲೇಖನಿಯಿಂದ ತತ್ತ್ವ ಎಷ್ಟು ಸಹಜವಾಗಿ ಹರಿದಿದೆ!

‘ಸಮಾಧಿತಂತ್ರ’ವು ದೇಹವನ್ನೇ ತಾನೆಂದು ಭ್ರಮಿಸಿದ ಬಹಿರಾತ್ಮನನ್ನು ಅಂತರಾತ್ಮನ ಮೂಲಕ ಪರಮಾತ್ಮಸ್ಥಿತಿಗೆ ಕರೆದೊಯ್ಯುತ್ತದೆ. ‘ಇಷ್ಟೋಪದೇಶ’ದ ಶ್ಲೋಕಗಳು ಕೇವಲ 51. ಜೊತೆಗಾರನ ದಾರಿ ಕಾಯುವ ಇಬ್ಬರಲ್ಲಿ ಒಬ್ಬ ನೆರಳಲ್ಲಿ, ಇನ್ನೊಬ್ಬ ಬಿಸಿಲಲ್ಲಿ ನಿಂತರೆ ಅಂತರವೆಷ್ಟೋ, ವ್ರತವಿರುವ ಬಾಳಿಗೂ ವ್ರತವಿಲ್ಲದ ಬಾಳಿಗೂ ಅಷ್ಟು ಅಂತರ ಎಂಬ ಉಪಮೆ ಅದರಲ್ಲಿದೆ. ವಿದ್ವಾಂಸರಿಗೆ ಬಿಗಿಯಾದ ಸೂತ್ರ ಹೆಣೆದವರೇ ಶ್ರಾವಕನಿಗೆ ದಾರಿಬದಿಯ ಮರದ ನೆರಳನ್ನು ತೋರಿಸಿದರು.

ಪೂಜ್ಯಪಾದರ ವೈದ್ಯಗ್ರಂಥದ ಕಥೆ ಮಾತ್ರ ಬೇರೆ. ಅವರು ಶಾಲಾಕ್ಯವನ್ನು, ಅಂದರೆ ಕಣ್ಣು, ಕಿವಿ ಮೊದಲಾದ ಅಂಗಗಳ ಚಿಕಿತ್ಸೆಯನ್ನು, ಬರೆದಿದ್ದರೆಂದು ‘ಕಲ್ಯಾಣಕಾರಕ’ದ ಉಗ್ರಾದಿತ್ಯಾಚಾರ್ಯರು ತಿಳಿಸುತ್ತಾರೆ. ಆ ಮೂಲಕೃತಿ ಉಳಿದುಬಂದಿಲ್ಲ. ಕನ್ನಡದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವು ಪೂಜ್ಯಪಾದರ ಹೆಸರಿನ ಗ್ರಂಥವನ್ನೇ ಆಧರಿಸಿದುದು, ಮದ್ಯ ಮಾಂಸಗಳ ಸೋಂಕಿಲ್ಲದ ಚಿಕಿತ್ಸೆ ಅದರ ವೈಶಿಷ್ಟ್ಯ. ಮುಂದಿನ ಕಾಲದ ಕೆಲವು ವೈದ್ಯಯೋಗಗಳೂ ಇದೇ ಹೆಸರನ್ನು ಹೊತ್ತು ಬಂದವು. ಅವೆಲ್ಲ ಅವರದೇ ಎಂದು ವಿದ್ವಾಂಸರು ಒಪ್ಪುವುದಿಲ್ಲ.

ಇದರಿಂದ ಭಕ್ತರು ಕಳವಳಗೊಳ್ಳಬೇಕಾಗಿಲ್ಲ. ಶಿಷ್ಯನು ತನ್ನ ಹೆಸರನ್ನು ಅಳಿಸಿ ಗುರುವಿನ ಹೆಸರನ್ನು ಉಳಿಸಿದುದು ವಿನಯವೇ ಇರಬಹುದು. ಆದರೂ ಗುರುಗಳು ಹೇಳದುದನ್ನು ಗುರುಗಳ ಮೇಲೆ ಹೊರಿಸುವುದು ಸತ್ಯಾಣುವ್ರತಕ್ಕೆ ಒಪ್ಪುವ ನಡೆಯಲ್ಲ. ಹೆಸರು ನೋಡಿ ತಲೆಬಾಗುವುದಷ್ಟೇ ಶ್ರದ್ಧೆಯಲ್ಲ. ಒಳಗಿನ ಉಪದೇಶವನ್ನು ಪರಾಮರ್ಶಿಸಿ ಸ್ವೀಕರಿಸುವುದೇ ಸಮ್ಯಕ್ ಶ್ರದ್ಧೆ. ಅನಾಮಿಕ ವಚನಗಳೂ ಆಚಾರ್ಯರ ಹೆಸರಿನಲ್ಲಿ ಕೈಯಿಂದ ಕೈಗೆ ಹರಿದಾಡುವ ಈ ದಿನಗಳಲ್ಲಿ ಇಂಥ ಎಚ್ಚರ ಇನ್ನಷ್ಟು ಅಗತ್ಯ.

ಪೂಜ್ಯಪಾದರ ಎಲ್ಲ ಗ್ರಂಥಗಳನ್ನು ಓದುವುದು ಸಂಸಾರಿಗಳಿಗೆ ಸುಲಭಸಾಧ್ಯವಲ್ಲ. ಆದರೆ ಸಂಜೆಯ ಸಾಮಾಯಿಕದ ಬಳಿಕ ಇಷ್ಟೋಪದೇಶದ ಒಂದೊಂದೇ ಶ್ಲೋಕವನ್ನು ಅರ್ಥಸಹಿತ ಓದಿದರೆ 51 ದಿನಗಳಲ್ಲಿ ಕೃತಿ ಮುಗಿಯುತ್ತದೆ. ಇಂದು ಆಡಿದ ಮಾತು ಯಾರನ್ನು ನೋಯಿಸಿತು, ದೇಹವನ್ನು ಯಾವುದಕ್ಕೆ ಬಳಸಿದೆವು, ಮನಸ್ಸು ಎಲ್ಲಿ ಅಂಟಿಕೊಂಡಿತು ಎಂದು ಪ್ರತಿದಿನವೂ ಕೇಳಿಕೊಳ್ಳುವ ಶ್ರಾವಕ ಶ್ರಾವಿಕೆಯರು ಆ ಮಹಾಮುನಿಯ ನಿಜವಾದ ಓದುಗರು.