ಉಣ್ಣಿ ಜ್ವರಕ್ಕೆ ಪಪ್ಪಾಯಿ ಎಲೆ ಮದ್ದೇ?

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಸಾಕುನಾಯಿ ಊಟ ಬಿಟ್ಟು ಮಂಕಾಯಿತೆಂದರೆ ಎರಡು ಮಾತು ತಕ್ಷಣ ಕೇಳಿಬರುತ್ತವೆ. ಇದು ಟಿಕ್ ಫೀವರ್. ಪಪ್ಪಾಯಿ ಎಲೆಯ ರಸ ಕುಡಿಸಿ. ಹೇಳುವವರ ಮನಸ್ಸಿನಲ್ಲಿ ಇರುವುದು ಕಾಳಜಿಯೇ. ಆದರೆ ಎರಡೂ ಮಾತಿನಲ್ಲಿ ತಪ್ಪಿದೆ, ಆ ತಪ್ಪಿನಿಂದ ನಾಯಿಗಳು ಸಾಯುತ್ತವೆ.

ಮೊದಲನೆಯದಾಗಿ, ಟಿಕ್ ಫೀವರ್ ಒಂದೇ ರೋಗವಲ್ಲ. ಎರ್ಲಿಕಿಯಾ ಎಂಬುದು ಬಿಳಿ ರಕ್ತಕಣದೊಳಗೆ ಬೆಳೆಯುವ ಬ್ಯಾಕ್ಟೀರಿಯಾ. ಬಬೇಸಿಯಾ ಹಾಗಲ್ಲ, ಅದು ಮಲೇರಿಯಾ ರೋಗಾಣುವಿನ ಬಂಧು, ಕೆಂಪು ರಕ್ತಕಣಕ್ಕೆ ನುಗ್ಗಿ ಅದನ್ನು ಒಡೆಯುವ ಏಕಕೋಶ ಜೀವಿ. ಮುಂಬಯಿಯ ನಾಯಿಗಳ ರಕ್ತದಲ್ಲಿ ಈ ಎರಡೂ ಸಿಗುತ್ತವೆ, ಕೆಲವೊಮ್ಮೆ ಒಂದೇ ನಾಯಿಯಲ್ಲಿ. ಜ್ವರ, ಸುಸ್ತು, ಪ್ಲೇಟ್‌ಲೆಟ್ ಇಳಿತ ಎರಡರಲ್ಲೂ ಇರುವುದರಿಂದ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಮದ್ದು ಮಾತ್ರ ಪೂರ್ತಿ ಬೇರೆ.

ಇನ್ನು ಪಪ್ಪಾಯಿ. ಇದರ ಹಿಂದೆ ಒಂದು ಸೊಗಸಾದ ಸತ್ಯವಿದೆ, ಜನ ಹೇಳುವ ಸತ್ಯವಲ್ಲ ಅಷ್ಟೆ. ಪಪ್ಪಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ತುಂಡರಿಸುವುದು ಅದರ ಕೆಲಸ, ಅದಕ್ಕೇ ಮಾಂಸ ಮೆತ್ತಗಾಗಲು ಪಪ್ಪಾಯಿ ಕಾಯಿ ಹಚ್ಚುವುದು. ಇದೇ ಪಪೇನ್ ವಂಶದ ಕಿಣ್ವಗಳು ಬಬೇಸಿಯಾದಲ್ಲೂ ಇವೆ, ದನಗಳನ್ನು ಕಾಡುವ ಥೈಲೀರಿಯಾದಲ್ಲೂ ಇವೆ, ಮಲೇರಿಯಾ ರೋಗಾಣುವಿನಲ್ಲೂ ಇವೆ, ನಮ್ಮ ಮೈಯಲ್ಲೂ ಇವೆ. ಗಿಡ, ಪ್ರಾಣಿ, ರೋಗಾಣು ಬೇರ್ಪಡುವುದಕ್ಕೆ ಮೊದಲೇ ಹುಟ್ಟಿದ ವಂಶವಿದು. ಎಲೆಯ ರಸದೊಳಗಿನ ಪಪೇನ್ ಹೊಟ್ಟೆಗೆ ಹೋದಾಗ ಬೇರೆ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಕೆಂಪುಕಣದೊಳಗೆ ಅಡಗಿ ಕುಳಿತ ಬಬೇಸಿಯಾವನ್ನು ಅದು ಕೊಲ್ಲುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ದನದ ಬಬೇಸಿಯಾ ಬೋವಿಸ್ ಮೇಲೆ ಪ್ರಯೋಗಾಲಯದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಪಪೇನ್ ವಂಶದ ಕಿಣ್ವಗಳನ್ನು ತಡೆಯುವ ರಾಸಾಯನಿಕ ಹಾಕಿದಾಗ ಅದರ ಬೆಳವಣಿಗೆ ಕುಗ್ಗಿತು. ರೋಗಾಣುವಿಗೆ ಬದುಕಲು ಬೇಕಾದದ್ದೇ ಆ ವಂಶದ ಕಿಣ್ವ. ರಸ ಕುಡಿಸಿದ ಮೇಲೆ ಪ್ಲೇಟ್‌ಲೆಟ್ ಎಣಿಕೆ ಏರಿದ್ದನ್ನೇ ನೋಡಿ ಗುಣವಾಯಿತೆಂದು ಸಮಾಧಾನಪಡುವುದು ಇನ್ನೂ ಅಪಾಯ. ಬಬೇಸಿಯಾ ಕೊಲ್ಲುವುದು ಮುಖ್ಯವಾಗಿ ರಕ್ತಹೀನತೆಯಿಂದ.

ಇಂಥ ಕಿಣ್ವಗಳ ಜೀನ್ ಕುಟುಂಬ ಬೆಳೆಯುವುದು ಹೇಗೆ? ಡಿಎನ್ಎ ನಕಲಾಗುವಾಗ ಅಪರೂಪಕ್ಕೆ ಒಂದು ಜೀನ್ ಎರಡು ಬಾರಿ ಅಚ್ಚಾಗಿಬಿಡುತ್ತದೆ. ಮನೆಯ ಹಿರಿಮಗ ಹೊಲ ನೋಡಿಕೊಂಡರೆ ಕಿರಿಯವನು ಮುಂಬಯಿಗೆ ಬಂದು ಹೋಟೆಲ್ ಇಟ್ಟಂತೆ, ಒಂದು ಪ್ರತಿ ಹಳೆಯ ಕೆಲಸ ಮಾಡುತ್ತಿರುವಾಗ ಇನ್ನೊಂದು ಬದಲಾಗಲು ಬಿಡುವಾಗಿರುತ್ತದೆ. ಬಹುಪಾಲು ಹೆಚ್ಚುವರಿ ಪ್ರತಿಗಳು ಕೆಟ್ಟು ಹೋಗುತ್ತವೆ. ಉಳಿದ ಕೆಲವು ಹೊಸ ಕೆಲಸ ಕಲಿಯುತ್ತವೆ. ಮಲೇರಿಯಾ ರೋಗಾಣುವಿನಲ್ಲಿ ಈ ವಂಶದ ಕಿಣ್ವಗಳು ಹಿಮೋಗ್ಲೋಬಿನ್ ಜೀರ್ಣಿಸುತ್ತವೆ, ಅದರ ಕಸ ಕಂದು ಬಣ್ಣದ ಹರಳಾಗಿ ಕಾಣುತ್ತದೆ. ಬಬೇಸಿಯಾ, ಥೈಲೀರಿಯಾಗಳಲ್ಲಿ ಆ ಹರಳೇ ಇಲ್ಲ. ಅಂದರೆ ಕಿಣ್ವದ ವಂಶ ಒಂದೇ ಆದರೂ ಬದುಕಿನ ದಾರಿ ಬೇರೆ. ಒಂದಕ್ಕೆ ಹಿಡಿದ ಔಷಧ ಇನ್ನೊಂದಕ್ಕೂ ಹಿಡಿಯುತ್ತದೆಂದು ನಂಬುವಂತಿಲ್ಲ.

"ವಿಕಾಸವೆಂದರೆ ಮೇಲಕ್ಕೇರುವುದು, ಜೀವಿ ದಿನೇ ದಿನೇ ಸಂಕೀರ್ಣವಾಗುವುದು." ಶಾಲೆಯಿಂದಲೇ ಬಂದ ಈ ನಂಬಿಕೆಯನ್ನು ಉಣ್ಣಿಯ ರೋಗಾಣುಗಳು ಅಲ್ಲಗಳೆಯುತ್ತವೆ. 2005ರಲ್ಲಿ ಥೈಲೀರಿಯಾ ಆನ್ಯುಲೇಟಾದ ಜೀನೋಮ್ ಪ್ರಕಟವಾಯಿತು, 2007ರಲ್ಲಿ ಬಬೇಸಿಯಾ ಬೋವಿಸ್‌ನದು. ಎರಡೂ ಸುಮಾರು 80 ಲಕ್ಷ ಡಿಎನ್ಎ ಅಕ್ಷರಗಳಷ್ಟು. ಮಲೇರಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪೇರಮ್‌ನದು 2.3 ಕೋಟಿ. ಹೀಮ್ ಕಟ್ಟುವ ಕಿಣ್ವಗಳ ಸಾಲು, ಕೊಬ್ಬಿನಾಮ್ಲ ತಯಾರಿಸುವ ಒಂದು ಇಡೀ ಸಾಲು ಥೈಲೀರಿಯಾ, ಬಬೇಸಿಯಾಗಳಲ್ಲಿ ಅಳಿದುಹೋಗಿವೆ. ಬೇಕಾದದ್ದು ಪ್ರಾಣಿಯ ರಕ್ತದಲ್ಲೇ ಸಿದ್ಧವಾಗಿ ಸಿಗುವಾಗ ಅದನ್ನು ತಯಾರಿಸುವ ಜೀನ್ ಕೆಟ್ಟರೂ ನಷ್ಟವಿಲ್ಲ. ಕಳೆದುಕೊಳ್ಳುವುದೂ ವಿಕಾಸವೇ.

ಆದರೆ ಒಂದು ಹಳೆಯ ಅಂಗವನ್ನು ಅವು ಬಿಟ್ಟಿಲ್ಲ. ಇವುಗಳ ಪೂರ್ವಜ ಎಂದೋ ನುಂಗಿದ ಕೆಂಪು ಪಾಚಿಯ ಪಳೆಯುಳಿಕೆ ಈಗಲೂ ಜೀವಕೋಶದೊಳಗೆ ಕೂತಿದೆ. ಬೆಳಕಿನಿಂದ ಆಹಾರ ಮಾಡುವ ಶಕ್ತಿ ಹೋಗಿದೆ, ಜೀವಕ್ಕೆ ಬೇಕಾದ ಇತರ ಕೆಲವು ವಸ್ತುಗಳು ಮಾತ್ರ ಅಲ್ಲೇ ತಯಾರಾಗುತ್ತವೆ. ಅಜಿತ್ರೋಮೈಸಿನ್ ಹೊಡೆಯುವುದು ಅಲ್ಲಿಗೇ. ಬ್ಯಾಕ್ಟೀರಿಯಾಕ್ಕೆಂದು ಮಾಡಿದ ಔಷಧ ಏಕಕೋಶ ಪರೋಪಜೀವಿಯ ಮೇಲೂ ಕೆಲಸ ಮಾಡುವ ಈ ಕಾರಣ ನನಗೆ ಜೀವಶಾಸ್ತ್ರದ ಅತ್ಯಂತ ಬೆರಗಿನ ಸಂಗತಿಗಳಲ್ಲಿ ಒಂದು. ಎರ್ಲಿಕಿಯಾವನ್ನು ಬಗ್ಗಿಸುವ ಡಾಕ್ಸಿಸೈಕ್ಲಿನ್ ಒಂದನ್ನೇ ಕೊಟ್ಟು ನಾಯಿಗಳನ್ನು ಕಾಡುವ ಬಬೇಸಿಯಾ ಗಿಬ್ಸನಿ ಹೋಯಿತೆಂದು ಕೂರುವಂತಿಲ್ಲ. ಅದಕ್ಕೆ ಅಜಿತ್ರೋಮೈಸಿನ್ ಜೊತೆ ಅಟೊವಾಕ್ವೋನ್ ಕೊಡುವ ಪದ್ಧತಿಯಿದೆ.

ವಿದೇಶಿ ತಳಿಯ ನಾಯಿಗಳ ಜೊತೆ ಬಂದ ಹೊಸ ರೋಗವಿದು ಎನ್ನುವವರೂ ಇದ್ದಾರೆ. ಬಬೇಸಿಯಾ ಗಿಬ್ಸನಿಯನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ್ದೇ ನಮ್ಮಲ್ಲಿ, 1910ರಲ್ಲಿ, ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಆಮೇಲೆ ನರಿಯ ರಕ್ತದಲ್ಲೂ ಅದು ಸಿಕ್ಕಿತು. ಬೀದಿನಾಯಿಗಳಿಗೆ ಇದು ಬರುವುದಿಲ್ಲವೆಂಬುದೂ ಸುಳ್ಳು. ರೋಗಲಕ್ಷಣ ತೋರದೆ ಅವು ರೋಗಾಣು ಹೊತ್ತು ತಿರುಗಬಲ್ಲವು. ಮಳೆಗಾಲ ಮುಗಿದರೆ ಉಣ್ಣಿಯೂ ಮುಗಿಯಿತೆಂಬುದಂತೂ ಮುಂಬಯಿಯ ಸೆಕೆಯಲ್ಲಿ ನಡೆಯದ ಮಾತು. ನಾಯಿಯ ಕಂದು ಉಣ್ಣಿ ಗೋಡೆಯ ಬಿರುಕಿನಲ್ಲೇ ಮೊಟ್ಟೆಯಿಟ್ಟು ವರ್ಷವಿಡೀ ಬದುಕುತ್ತದೆ. ಮಲೆನಾಡು, ಕರಾವಳಿ ಮೂಲದ ಕುಟುಂಬಗಳಿಗೆ ಉಣುಗು ಎಂದರೆ ಮಂಗನ ಕಾಯಿಲೆಯ ನೆನಪು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ವೈರಸ್ ರೋಗ, ಹರಡುವ ಉಣುಗಿನ ಜಾತಿಯೂ ಬೇರೆ.

ಕೊನೆಗೆ ಗೋರೆಗಾಂವ್‌ನಂಥ ಕಡೆಯ ತಬೇಲಾಗಳಲ್ಲೂ ಹೈನುಗಾರರಲ್ಲೂ ಕೇಳುವ ಮಾತು: "ರೋಗಾಣು ಔಷಧಕ್ಕೆ ಒಗ್ಗಿಕೊಂಡಿದೆ." ಒಗ್ಗಿಕೊಳ್ಳುವುದಿಲ್ಲ. ಮಿಶ್ರತಳಿ ಹಸುಗಳನ್ನು ಬೀಳಿಸುವ ಥೈಲೀರಿಯಾ ಆನ್ಯುಲೇಟಾ ಬಿಳಿ ರಕ್ತಕಣದೊಳಗೆ ಪಿನ್1 ಎಂಬ ಕಿಣ್ವವನ್ನು ಸುರಿಸಿ ಆ ಕಣ ಕ್ಯಾನ್ಸರಿನಂತೆ ಎಗ್ಗಿಲ್ಲದೆ ಹೆಚ್ಚುವಂತೆ ಮಾಡುತ್ತದೆ. ಈ ರೋಗಕ್ಕೆ ಕೊಡುವ ಬುಪಾರ್ವಕ್ವೋನ್ ಔಷಧ ಆ ಕಿಣ್ವಕ್ಕೂ ಅಡ್ಡಿಯಾಗುತ್ತದೆಂದು 2015ರಲ್ಲಿ ತಿಳಿದುಬಂತು. ಈ ಕಿಣ್ವದ ಒಂದೇ ಒಂದು ಅಮೈನೋ ಆಮ್ಲ ಬದಲಾದ ರೋಗಾಣುಗಳು ಔಷಧಕ್ಕೆ ಬಗ್ಗಲಿಲ್ಲ. ಅಟೊವಾಕ್ವೋನ್ ಕಥೆಯೂ ಹೀಗೇ: ಅದಕ್ಕೆ ಬಗ್ಗದ ಬಬೇಸಿಯಾ ಗಿಬ್ಸನಿಯ ಸೈಟೋಕ್ರೋಮ್ ಬಿ ಪ್ರೋಟೀನಿನ 121ನೆಯ ಸ್ಥಾನದಲ್ಲಿ ಮಿಥಿಯೋನಿನ್ ಬದಲು ಐಸೊಲ್ಯೂಸಿನ್ ಬಂದದ್ದನ್ನು ಜಪಾನಿನ ಸಂಶೋಧಕರು ಕಂಡರು. ಇಂಥ ಬದಲಾವಣೆ ಔಷಧ ಕೊಡುವುದಕ್ಕೆ ಮೊದಲೇ ಯಾವುದೋ ಒಂದೆರಡು ರೋಗಾಣುಗಳಲ್ಲಿ ಆಕಸ್ಮಿಕವಾಗಿ ಆಗಿರಬಹುದು. ಮದ್ದು ಉಳಿದವನ್ನು ಕೊಂದಾಗ ಆ ಒಂದೆರಡರ ಸಂತತಿಯೇ ರಕ್ತ ತುಂಬುತ್ತದೆ. ಎರಡು ಔಷಧ ಒಟ್ಟಿಗೆ ಕೊಡುವುದು ಇದಕ್ಕೇ, ಏಕೆಂದರೆ ಒಂದೇ ರೋಗಾಣುವಿನಲ್ಲಿ ಎರಡೂ ಬದಲಾವಣೆ ಕೂಡಿಬರುವುದು ತೀರಾ ವಿರಳ. ಕಿವಿಯ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಬೇಕಾದರೆ ಪಿಸಿಆರ್ ಮಾಡಿ, ಒಳಗಿರುವುದು ಯಾವುದೆಂದು ತಿಳಿದ ಮೇಲೆಯೇ ಪಶುವೈದ್ಯರು ಈ ಔಷಧಗಳನ್ನು ಆರಿಸಬಲ್ಲರು.