ಗಾಳಿಯಂತ್ರದ ದುರಸ್ತಿ: ಯೋಜನೆ ಮತ್ತು ಲೆಕ್ಕಪತ್ರದ ಜೋಡಣೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರೆಗಿನ ಸೀಮೆಯಲ್ಲಿ, ಅದರಲ್ಲೂ ಕಪ್ಪತಗುಡ್ಡದ ಆಸುಪಾಸಿನಲ್ಲಿ ಸಾಲುಗಟ್ಟಿದ ಗಾಳಿಯಂತ್ರಗಳಿಗೆ ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಸುಗ್ಗಿಯಾದುದರಿಂದ, ಅವುಗಳ ಸೇವಾ ಕಂಪನಿಗಳು ದೊಡ್ಡ ದುರಸ್ತಿಗಳನ್ನು ಅದಕ್ಕೂ ಮೊದಲೇ ಮುಗಿಸಬೇಕಾಗುತ್ತದೆ. ಯಾವ ಯಂತ್ರಕ್ಕೆ ಯಾವ ದಿನ ಯಾವ ತಂಡ ಹೋಗಬೇಕೆಂದು ಗೊತ್ತುಮಾಡುವುದು ಯೋಜನಾ ತಂತ್ರಾಂಶ. ಬಿಡಿಭಾಗಗಳ ದಾಸ್ತಾನು, ಖರೀದಿ, ಬಿಲ್ಲುಗಳನ್ನು ಒಂದೆಡೆ ಹಿಡಿದಿಡುವುದು ಇಆರ್‌ಪಿ ಎಂಬ ವ್ಯವಹಾರ ವ್ಯವಸ್ಥೆ.

ಇವೆರಡರ ನಡುವೆ ಮಾಹಿತಿ ಸಾಗಿಸುವ ಎಪಿಐ ಎಂಬ ಸಂಪರ್ಕವನ್ನು ರೂಪಿಸುವುದು ಅಷ್ಟೇನೂ ಕಷ್ಟವಲ್ಲ. ನಿಜವಾದ ಶ್ರಮವಿರುವುದು ಯಂತ್ರಗಳ ಮತ್ತು ಬಿಡಿಭಾಗಗಳ ಸಂಕೇತಪಟ್ಟಿಯನ್ನು ಹೊಂದಿಸುವುದರಲ್ಲಿ. ಒಂದೇ ಬ್ರೇಕ್ ಪ್ಯಾಡಿಗೆ ಎರಡು ಕಡೆ ಎರಡು ಸಂಖ್ಯೆಗಳಿದ್ದರೆ, ತಂಡವು ಯಂತ್ರ ನಿಲ್ಲಿಸಿ, ಗೋಪುರದ ತುದಿಗೇರಿ, ಸವೆದ ಪ್ಯಾಡನ್ನು ಬಿಚ್ಚಿದ ಮೇಲೆ, ಕೈಯಲ್ಲಿರುವುದು ಬೇರೆ ಮಾದರಿಯ ಯಂತ್ರದ್ದೆಂದು ತಿಳಿಯುತ್ತದೆ. ಸಂಖ್ಯೆ ಒಂದೇ ಆಗಿದ್ದರೆ, ಕೆಲಸದ ಆದೇಶ ಹೊರಟಾಗಲೇ ಸರಿಯಾದ ಬಿಡಿಭಾಗ ಆ ಯಂತ್ರದ ಹೆಸರಿಗೆ ಕಾಯ್ದಿರಿಸಲ್ಪಟ್ಟು, ಕೆಲಸ ಮುಗಿದೊಡನೆ ಬಿಲ್ಲಿನ ವಿವರವೂ ಸಿದ್ಧವಾಗುತ್ತದೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿಯು ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ ಪವನ ವಿದ್ಯುತ್ತಿನ ಮುನ್ನಂದಾಜನ್ನು ಕೇಳುವುದರಿಂದ, ಮಿತಿ ಮೀರಿದ ವ್ಯತ್ಯಾಸಕ್ಕೆ ಶುಲ್ಕವನ್ನೂ ವಿಧಿಸುವುದರಿಂದ, ದುರಸ್ತಿಗೆ ನಿಲ್ಲುವ ಯಂತ್ರದ ಮಾಹಿತಿ ಆ ಅಂದಾಜು ಸಿದ್ಧಪಡಿಸುವವರಿಗೂ ಮುಂಚಿತವಾಗಿ ತಲುಪಲೇಬೇಕು.

ಕಂಪನಿಗಳು ಸಂಕೇತಪಟ್ಟಿಯನ್ನು ಮೊದಲು ಶುದ್ಧಗೊಳಿಸಿ, ಜೋಡಣೆಯನ್ನು ಬೇಸಿಗೆಯ ದುರಸ್ತಿಗಳಲ್ಲೇ ಪರೀಕ್ಷಿಸಿ ನೋಡುವುದು ಒಳಿತು.