ಕಣ್ಣಿನ ಮೂಲೆಯ ನೋವು: ಬರೀ ‘ಉಷ್ಣ’ವಲ್ಲ



ದೋಸೆ ಭಟ್ಟರ ಕಣ್ಣಿನ ಮೂಲೆ ಕೆಂಪಾಗಿ ನೋಯುತ್ತಿದ್ದರೆ, “ಬೆಂಕಿಯ ಎದುರು ನಿಲ್ಲುವವರಿಗೆ ಉಷ್ಣ ಸಹಜ, ಎಳನೀರು ಕುಡಿಯಿರಿ” ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಈ ನೋವಿಗೆ ಕಾರಣಗಳು ಹಲವು. ಯಾವುದು ಮನೆಮದ್ದಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬುದನ್ನು ಮಾಲಕರಾದ ನಾವು ತಿಳಿದಿರಬೇಕು.

ಮೂಗಿನ ಬದಿಯ ಮೂಲೆ: ಇಲ್ಲಿ ಕಣ್ಣೀರಿನ ಚೀಲವಿದೆ. ಇಲ್ಲಿಂದ ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡರೆ ನೀರು ನಿಂತು ಸೋಂಕು ತಗಲುತ್ತದೆ. ಮೂಲೆ ಊದುತ್ತದೆ, ಮುಟ್ಟಿದರೆ ನೋಯುತ್ತದೆ, ಕೀವು ಬರುತ್ತದೆ. ಇದನ್ನು ಹಿಸುಕಬಾರದು. ವೈದ್ಯರು ಕೊಡುವ ಆಂಟಿಬಯೋಟಿಕ್ ಬೇಕೇ ಬೇಕು. ಪದೇಪದೇ ಮರುಕಳಿಸಿದರೆ ಮೂಗಿಗೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ರೆಪ್ಪೆಯಂಚಿನ ಕುರು: ಶುದ್ಧವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಹದವಾದ ಬಿಸಿಯಲ್ಲಿ 10 ನಿಮಿಷದಂತೆ ದಿನಕ್ಕೆ 3-4 ಬಾರಿ ಶಾಖ ಕೊಟ್ಟರೆ ಹೆಚ್ಚಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ.

ಉರಿ, ತುರಿಕೆ: ಒಲೆಯ ಝಳ, ಹೊಗೆ, ಎಕ್ಸಾಸ್ಟ್ ಗಾಳಿಗೆ ಕಣ್ಣು ಒಣಗುತ್ತದೆ. ಮೆಣಸು ಮುಟ್ಟಿದ ಕೈಯಲ್ಲೋ ಹೆಗಲ ಮೇಲಿನ ಬಟ್ಟೆಯಲ್ಲೋ ಕಣ್ಣುಜ್ಜಿದರೆ ಮೂಲೆಯ ಚರ್ಮ ಒಡೆಯುತ್ತದೆ. ತಣ್ಣೀರಿನಿಂದ ತೊಳೆದು ವಿಶ್ರಾಂತಿ ಕೊಟ್ಟರೆ ಶಮನ ಸಿಗುತ್ತದೆ.

ಮದ್ರಾಸ್ ಐ: ಕೆಂಪು, ಪಿಚ್ಚು, ಅಂಟಿದ ರೆಪ್ಪೆ. ಒಂದೇ ಟವೆಲಿನಲ್ಲಿ ಹತ್ತು ಹುಡುಗರು ಮುಖ ಒರೆಸುವ ಕೋಣೆಯಲ್ಲಿ ಇದು ಬೇಗ ಹರಡುತ್ತದೆ. ಪ್ರತಿಯೊಬ್ಬನಿಗೂ ಬೇರೆ ಟವೆಲ್, ಬೇರೆ ದಿಂಬು ಇರಲಿ.

ಮೆಡಿಕಲಿನಿಂದ ಕೇಳಿ ತಂದ ಡ್ರಾಪ್ಸ್, ಇನ್ನೊಬ್ಬ ಬಿಟ್ಟುಹೋದ ಬಾಟಲಿ ಬೇಡ. ಸ್ಟೀರಾಯ್ಡ್ ಇರುವ ಹನಿ ಕೆಂಪನ್ನು ಬೇಗ ಇಳಿಸುತ್ತದೆ, ಆದರೆ ಕೆಲವು ಸೋಂಕನ್ನು ಹೆಚ್ಚಿಸುತ್ತದೆ. ಬಹುಕಾಲ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು.

ಮೋರಿ ತೊಳೆಯುವ ಕಾಸ್ಟಿಕ್ ಸೋಡವೋ ಆಸಿಡ್ಡೋ ಕಣ್ಣಿಗೆ ಸಿಡಿದರೆ ಮೊದಲು ನಳ್ಳಿ ನೀರು: ಕಣ್ಣು ತೆರೆದಿಟ್ಟು ಕನಿಷ್ಠ 20 ನಿಮಿಷ ತೊಳೆದು, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ, ಕಣ್ಣು ಹೊರಳಿಸುವಾಗ ನೋವಾದರೆ, ಜ್ವರದೊಂದಿಗೆ ಊದಿದರೆ, ತಲೆನೋವು-ವಾಂತಿ ಇದ್ದರೆ ಅದೇ ದಿನ ಕಣ್ಣಿನ ತಜ್ಞರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಆಹಾರ ಸುರಕ್ಷತೆಯ 2011ರ ನಿಯಮಾವಳಿಯಂತೆ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣಿನ ಪರೀಕ್ಷೆಯೂ ಸೇರಿದೆ. ಅದು ಬರೀ ಸರ್ಟಿಫಿಕೇಟಿಗೆ ಮುಗಿಯದಿರಲಿ. ಇ.ಎಸ್.ಐ. ಅನ್ವಯಿಸುವ ಹೋಟೆಲುಗಳ ಕಾರ್ಮಿಕರಿಗೆ ಅದರ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ದೊರೆಯುತ್ತದೆ.

ಊರು ಬಿಟ್ಟು ಬಂದ ಹುಡುಗ ಪಗಾರ ಕಡಿತವಾದೀತೆಂದು ನೋವನ್ನು ಮುಚ್ಚಿಡುತ್ತಾನೆ. “ರಜೆಯ ಪಗಾರ ಹಿಡಿಯುವುದಿಲ್ಲ, ಇವತ್ತೇ ಡಾಕ್ಟರಿಗೆ ತೋರಿಸಿ ಬಾ” ಎಂದು ಗಲ್ಲೆಯಿಂದ ನಾವೇ ಹೇಳೋಣ.